ಕ್ಯಾಲೆಂಡರಿನ ಹಿಂದಿನ ಅಕ್ಷರ ಓದಿದ ಕಣ್ಣುಗಳು

ಸಾರಿಗೆ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕಳೆದ ತಿಂಗಳು ನೀವು ಭಾರಿ ವಾಹನ ಓಡಿಸಲು ಮತ್ತೆ ಐದು ವರ್ಷದ ಪರವಾನಗಿ ನವೀಕರಿಸಿಕೊಟ್ಟ ನಮ್ಮ ಓಣಿಯ ಮುರ್ತುಜಾಸಾಬರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಎರಡೂ ಕಣ್ಣುಗಳ ದೃಷ್ಟಿ ಉತ್ತಮವಾಗಿದೆ ಎಂದು ಅವರ ವೈದ್ಯಕೀಯ ಪ್ರಮಾಣಪತ್ರ ಹೇಳುತ್ತದೆ. ಅದರ ಮೇಲೆ ಒಬ್ಬ ವೈದ್ಯರ ಸಹಿ ಇದೆ, ಅದನ್ನು ಒಪ್ಪಿಕೊಂಡ ನಿಮ್ಮ ಕಚೇರಿಯ ಮೊಹರು ಇದೆ. ಬರುವ ಮಂಗಳವಾರ ಬೆಳಿಗ್ಗೆ ಅವರು ದೇವಣಗಾಂವದಿಂದ ನಮ್ಮ ಸಿಂದಗಿಯ ಮಾರ್ಗವಾಗಿ ಕಬ್ಬು ತುಂಬಿದ ಲಾರಿ ಹೊರಡಿಸಬೇಕು. ಅಷ್ಟರೊಳಗೆ ನೀವು ಈ ಪತ್ರ ಓದಬೇಕೆಂಬುದೇ ನನ್ನ ಆತುರ. ಎರಡು ಸಲ ಕಚೇರಿಗೆ ಬಂದೂ ನಿಮ್ಮ ದರ್ಶನ ಸಿಗದ ಕಾರಣ, ಎಲ್ಲರೂ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಇದು ಬರೀ ದೂರು ಎಂದು ತಿಳಿಯಬೇಡಿ. ಅರ್ಧ ತಪ್ಪೊಪ್ಪಿಗೆ. ಆ ಪರೀಕ್ಷೆಯಲ್ಲಿ ಅವರು ಪಾಸಾಗುವಂತೆ ತಯಾರು ಮಾಡಿದವಳು ನಾನೇ.

ನಾನು ಸಿಂದಗಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಮುರ್ತುಜಾಸಾಬರು ನಮ್ಮ ಮನೆಯಿಂದ ಮೂರನೆಯ ಮನೆಯವರು. ವಯಸ್ಸು ಐವತ್ಮೂರು. ಇಪ್ಪತ್ತೆಂಟು ವರ್ಷಗಳಿಂದ ಇಂಡಿಯ ನಿಂಬೆ, ನಾಲತವಾಡದ ತೊಗರಿ, ಬಾಗೇವಾಡಿಯ ಕಡಲೆ, ಹಂಗಾಮು ಬಂದಾಗ ಕಬ್ಬು ಹೇರಿಕೊಂಡು ತಿರುಗಿದವರು. ಸಾಲೆಗೆ ಎರಡು ವರ್ಷ ಮಾತ್ರ ಹೋದವರು. ಅಂಕಿಗಳು ಗೊತ್ತು, ಊರಿನ ಹೆಸರುಗಳನ್ನು ಫಲಕದ ಆಕಾರದಿಂದ ಗುರುತಿಸುತ್ತಾರೆ. ಪರವಾನಗಿಯ ಅವಧಿ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಮನೆಗೆ ಬಂದರು. ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ. ವೈದ್ಯರ ಕೋಣೆಯ ಗೋಡೆಗೆ ತೂಗುವ ಕಣ್ಣಿನ ಪರೀಕ್ಷೆಯ ಅಕ್ಷರಪಟ ಅದು. ಮೇಲೆ ದೊಡ್ಡದೊಂದು ಅಕ್ಷರ, ಕೆಳಗೆ ಎರಡು, ಮೂರು, ನಾಲ್ಕು. ಇಳಿಯುತ್ತ ಇಳಿಯುತ್ತ ಸಣ್ಣದಾಗುವ ಆರು ಸಾಲುಗಳು.

“ಓದಾಕ ಬರಲಿಲ್ರಿ ಅಕ್ಕೋರ,” ಎಂದರು. “ಡಾಕ್ಟರ ಹೊಳ್ಳಿ ಕಳಿಸಿದ್ರು. ಸಾಲಿ ಕಲಿತಿಲ್ಲೇನು, ಯಾರ ಕಡೀಂದರ ಕಲತು ಬಾ ಅಂದ್ರು.”

ಓದಲು ಬರಲಿಲ್ಲ. ಈ ಎರಡು ಪದಗಳನ್ನು ನಾನು ಕಿವಿಯಿಂದ ಕೇಳಲಿಲ್ಲ, ವೃತ್ತಿಯಿಂದ ಕೇಳಿದೆ. ಅಕ್ಷರ ಬಾರದ ಮನುಷ್ಯ, ಅಕ್ಷರ ಬಲ್ಲ ನಾನು. ಇಷ್ಟು ವರ್ಷ ಓಣಿಯಲ್ಲಿದ್ದೂ ಇವರಿಗೊಂದು ವರ್ಣಮಾಲೆ ಕಲಿಸಲಿಲ್ಲವಲ್ಲ ಎಂದು ನಾಚಿಕೆಯಾಯಿತು. ವೈದ್ಯರಿಗೂ ಅದೇ ಅರ್ಥ ಹೊಳೆದಿತ್ತು. ಓದು ಬಲ್ಲ ನಾವಿಬ್ಬರೂ, ಓದದವನೊಬ್ಬ ಗೋಡೆಯ ಮುಂದೆ ತಡವರಿಸಿದರೆ ಅದಕ್ಕೆ ಬೇರೆ ಕಾರಣ ಇರಬಹುದೆಂದು ಯೋಚಿಸಲಿಲ್ಲ. ವ್ಯತ್ಯಾಸ ಇಷ್ಟೇ: ಕಣ್ಣು ನೋಡುವ ಕೆಲಸ ನನ್ನದಾಗಿರಲಿಲ್ಲ.

ಎಂಟು ಮಧ್ಯಾಹ್ನ ಕಲಿಸಿದೆ. ಹಾಳೆಯನ್ನು ಮೂಗಿನ ತುದಿಗೆ ಹಿಡಿಯುತ್ತಿದ್ದರು. ಹೊಸದಾಗಿ ಕಲಿಯುವವರ ಶ್ರದ್ಧೆ ಎಂದುಕೊಂಡೆ. ಬಿಡಿ ಅಕ್ಷರಗಳು ನೆನಪಿನಲ್ಲಿ ನಿಲ್ಲುತ್ತಿಲ್ಲವೆಂದು ನಾನೇ ಅವನ್ನು ಒಂದು ಲಯಕ್ಕೆ ಹೊಂದಿಸಿದೆ. ಠ, ಆಮೇಲೆ ರ ಗ, ಆಮೇಲೆ ದ ಪ ಲ, ಆಮೇಲೆ ಸ ಟ ವ ನ. ಮೊಹರಮ್ಮಿನಲ್ಲಿ ಹೆಜ್ಜೆ ಹಾಕುತ್ತ ರಿವಾಯತ ಪದ ಹಾಡುವ ಮನುಷ್ಯ ಅವರು. ತೊಡೆ ತಟ್ಟುತ್ತ ಎರಡೇ ದಿನದಲ್ಲಿ ಆರೂ ಸಾಲು ಹಾಡಿಬಿಟ್ಟರು. ಅವರ ಹೆಂಡತಿ ಹಜರಾಬಿ ಬಾಗಿಲಲ್ಲಿ ನಿಂತು ನಕ್ಕರು: “ಅಲ್ರಿ ಅಕ್ಕೋರ, ಇವ್ರಿಗೆ ಲೈಸೆನ್ಸ್ ಕೊಡಸ್ತೀರೋ ಮೇಳ ಕಟ್ಟಿಸ್ತೀರೋ?” ನಾನೂ ನಕ್ಕೆ. ನನ್ನ ಕಾಲೇಜಿನ ಮಕ್ಕಳಿಗೆ ಒಂದು ಷಟ್ಪದಿ ಬಾಯಿಪಾಠ ಮಾಡಿಸಲು ಒಂದು ತಿಂಗಳು ಬೇಕು. ಹೆಮ್ಮೆಪಟ್ಟೆ ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ಮಾನ್ಯರೇ, ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಹೊರಬಿದ್ದರೆ ನಮ್ಮ ಇಲಾಖೆಯಲ್ಲಿ ಮರುಪರೀಕ್ಷೆ ಆಗುತ್ತದೆ, ತನಿಖೆ ಆಗುತ್ತದೆ. ನಿಮ್ಮ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ನಮೂನೆಯ ಜೊತೆಗೇ ಅಕ್ಷರಪಟವನ್ನೂ ಪಿನ್ನು ಹೊಡೆದು ಕೊಡುತ್ತಾರೆ. ಎಷ್ಟೋ ವರ್ಷಗಳಿಂದ ಅದೇ ಪಟ, ಅದೇ ಅಕ್ಷರ. ಹೀಗೆ ಸೋರಿದ ಪತ್ರಿಕೆ ಬರೆದು ಪಾಸಾದವರು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿಯ ರಸ್ತೆಗಳಲ್ಲಿ ಎಷ್ಟು ಜನ ಇದ್ದಾರೆ? ನಿಮಗೆ ಗೊತ್ತೇ? ಗೊತ್ತಾಗುವ ದಾರಿಯಾದರೂ ಇದೆಯೇ?

ಸತ್ಯ ನನಗೆ ತಿಳಿದದ್ದು ಒಂದು ನಗೆಯ ಮಾತಿನಲ್ಲಿ. ಮುರ್ತುಜಾಸಾಬರು ಬಾಯಿಪಾಠ ಮಾಡಿಕೊಂಡು ಮತ್ತೆ ಪರೀಕ್ಷೆಗೆ ಹೋದ ದಿನ, ಯಂಕಂಚಿಯ ಚಂದಪ್ಪ ಎಂಬ ಚಾಲಕರು ವೈದ್ಯರ ಕೋಣೆಯಲ್ಲಿ ಅವರ ಹಿಂದೆಯೇ ಸರದಿಯಲ್ಲಿದ್ದರಂತೆ. ಹೋದ ವಾರ ಓಣಿಗೆ ಬಂದವರು ಎಲ್ಲರ ಎದುರು ಕತೆ ಹೇಳಿದರು.

“ನಮ್ಮ ಮಾಮಾನ ಕಣ್ಣು ಏನ್ ಕೇಳ್ತೀರಿ! ಡಾಕ್ಟರ ಫೋನಿನ್ಯಾಗ ಮಾತಾಡಕೋತ ಓದು ಅಂದ್ರು. ಯಾರೋ ಔಷಧ ಅಂಗಡಿ ಕ್ಯಾಲೆಂಡರ ತಂದು ಆ ಪಟದ ಮ್ಯಾಲೇ ತೂಗಹಾಕಿದ್ರು, ಕೆಳಗಿನ ಮೂರು ಸಾಲು ಮುಚ್ಚಿ ಹೋಗಿತ್ತು. ಮಾಮಾ ನಿಲ್ಲಲೇ ಇಲ್ಲ! ಕ್ಯಾಲೆಂಡರ ಹಿಂದಿಂದೂ ಓದಿದ್ರು ನೋಡ್ರಿ, ಎಕ್ಸರೇ ಕಣ್ಣ ಅವ್ರವು!”

ಎಲ್ಲರೂ ನಕ್ಕರು. ಮುರ್ತುಜಾಸಾಬರೂ ನಗಲು ನೋಡಿದರು. ಹಜರಾಬಿ ಮಾತ್ರ ಸೆರಗಿನ ತುದಿ ಹಿಡಿದುಕೊಂಡು ಒಳಗೆ ಹೋದರು. ಆಗ ನನ್ನ ನಗೆಯೂ ನಿಂತಿತು. ಕಣ್ಣಿದ್ದವನು ಕ್ಯಾಲೆಂಡರ್ ಅಡ್ಡ ಬಂದಲ್ಲಿ ಓದು ನಿಲ್ಲಿಸುತ್ತಾನೆ, ‘ಸರ್, ಇದು ಅಡ್ಡ ಬಂದಿದೆ’ ಎನ್ನುತ್ತಾನೆ. ಅವರಿಗೆ ಪಟ ಕಾಣಲಿಲ್ಲ ಎಂಬುದಕ್ಕಿಂತ ಹೆಚ್ಚಿನದು ಇದು. ಅಡ್ಡ ಬಂದದ್ದೂ ಅವರಿಗೆ ಕಾಣಲಿಲ್ಲ.

ಆ ಪ್ರಮಾಣಪತ್ರವನ್ನು ಆಮೇಲೆ ತರಿಸಿಕೊಂಡು ಓದಿದೆ. ಗುರುತಿನ ಚಿಹ್ನೆ ಎಂಬಲ್ಲಿ ‘ಬಲಗೆನ್ನೆಯ ಮೇಲೆ ಕಪ್ಪು ಮಚ್ಚೆ’ ಎಂದಿದೆ. ಮುರ್ತುಜಾಸಾಬರ ಕೆನ್ನೆಯ ಮೇಲೆ ಮಚ್ಚೆಯೇ ಇಲ್ಲ. ಮಚ್ಚೆ ಇರುವುದು ಚಂದಪ್ಪನವರಿಗೆ. ಅವರ ಪತ್ರದಲ್ಲಿ ಇನ್ನು ಯಾರ ಮಚ್ಚೆ ಇದೆಯೋ! ಕಿವಿ, ರಕ್ತದೊತ್ತಡ, ನರಗಳು, ಹೃದಯ, ಎಲ್ಲ ಕಾಲಂಗಳಲ್ಲೂ ಒಂದೇ ಪದ: ಸಾಮಾನ್ಯ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯ ಗುಳಿಗೆ ನುಂಗುತ್ತಿರುವ ಮನುಷ್ಯನ ಮುಂದೆಯೂ ‘ಸಾಮಾನ್ಯ’. ಲಾರಿಗೆ ಅರ್ಹತಾಪತ್ರ ಕೊಡುವಾಗ ನೀವು ಅದರ ದೀಪ ಉರಿಸಿ ನೋಡುತ್ತೀರಿ, ಬ್ರೇಕು ಒತ್ತಿ ನೋಡುತ್ತೀರಿ, ಗಾಜು ಒರೆಸುವ ಕಡ್ಡಿ ಆಡುತ್ತದೆಯೇ ಎಂದು ನೋಡುತ್ತೀರಿ. ಆ ಗಾಜಿನ ಹಿಂದೆ ಕೂರುವವನು ನಿಮ್ಮ ದೃಷ್ಟಿಯಲ್ಲಿ ಲಾರಿಯ ಭಾಗವಲ್ಲವೇ?

ನಿಮ್ಮದೇ ನಮೂನೆಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಇದೆ. ಸ್ವಚ್ಛ ಹಗಲಿನಲ್ಲಿ ಇಪ್ಪತ್ತೈದು ಮೀಟರ್ ದೂರದಿಂದ ಮೋಟಾರು ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ ಎಂದು. ಬರೆದವರು ಬುದ್ಧಿವಂತರು. ಆದರೆ ಅದನ್ನು ನಮೂನೆಯ ಹೊರಗೆ, ಬಿಸಿಲಿಗೆ, ಯಾರೂ ತಂದಂತಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ತಂದೆ. ಮನೆ ಕಟ್ಟಿಸುತ್ತಿರುವ ಪಕ್ಕದವರ ಟೇಪು ತೆಗೆದುಕೊಂಡು ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಓಣಿಯ ತುದಿಯಲ್ಲಿ ಯಾರದೋ ಕಾರು ನಿಂತಿತ್ತು. ಮುರ್ತುಜಾಸಾಬರನ್ನು ಗೆರೆಯ ಮೇಲೆ ನಿಲ್ಲಿಸಿದೆ.

“ಕೆ.ಎ. ಇಪ್ಪತ್ತೆಂಟು…” ಎಂದು ಗಟ್ಟಿಯಾಗಿ ಶುರು ಮಾಡಿದರು. ನಮ್ಮ ಜಿಲ್ಲೆಯ ಗಾಡಿಗಳೆಲ್ಲ ಹಾಗೇ ಶುರುವಾಗುತ್ತವೆ. ಮುಂದಿನದಕ್ಕೆ ಕಣ್ಣು ಕಿರಿದು ಮಾಡಿ ನಿಂತರು.

“ಅದು ಸೋಲಾಪುರದ ಗಾಡಿ ಐತ್ರೀ,” ಎಂದರು ಹಜರಾಬಿ, ಮೆಲ್ಲಗೆ. “ಎಂ.ಎಚ್. ಹದಿಮೂರು.”

ಅವರು ಒಂದೊಂದೇ ಹೆಜ್ಜೆ ಮುಂದೆ ಹೋದರು. ಸರಿಯಾಗಿ ಓದಿದಾಗ ಅವರಿಗೂ ಕಾರಿಗೂ ನಡುವೆ ಏಳು ಹೆಜ್ಜೆ ಉಳಿದಿತ್ತು. ಕಬ್ಬು ತುಂಬಿದ ಲಾರಿ ಏಳು ಹೆಜ್ಜೆಯಲ್ಲಿ ನಿಲ್ಲುತ್ತದೆಯೇ? ನೀವೇ ಹೇಳಬೇಕು, ಅದು ನಿಮ್ಮ ಶಾಸ್ತ್ರ.

ಹಜರಾಬಿಯ ಸಿಟ್ಟು ಆಗ ಕಿತ್ತುಕೊಂಡು ಬಂತು. “ಒಂದ್ ವರ್ಷಾತು ಹೇಳಾಕತ್ತು! ನನ್ನ ಮಾರಿ ಸುದ್ದಾ ದನಿ ಮ್ಯಾಲೆ ಗುರ್ತ ಹಿಡೀತಾರ. ಕಣ್ಣಾಗ ಪೊರಿ ಬಂದೈತೋ ಏನ್ ಸಕ್ಕರಿ ಇಳದೈತೋ, ತೋರಸ್ರಿ ಅಂದ್ರ ಒಲ್ಲೆ ಅಂತಾರ.”

“ತೋರಿಸಿದ್ರ ಡಾಕ್ಟರ ಬರೀತಾನ,” ಎಂದರು ಮುರ್ತುಜಾಸಾಬರು. “ಬರದ್ರ ಸ್ಟೇರಿಂಗ ಹೋಗ್ತೈತಿ. ಸುಮ್ನಿರು. ಅಕ್ಕೋರ, ನೀವು ಹೆದರಬ್ಯಾಡ್ರಿ. ಈ ರಸ್ತಾ ನನಗ ನಿಮ್ಮ ಪದ್ಯ ಇದ್ದಂಗ, ಪೂರಾ ಬಾಯಿಪಾಠ ಐತಿ. ಎಲ್ಲಿ ತಗ್ಗು, ಎಲ್ಲಿ ತಿರುವು, ಎಲ್ಲಿ ಹಂಪು, ಕಾಲು ತಾನಾಗೇ ಬ್ರೇಕ ಮ್ಯಾಲೆ ಹೋಗ್ತೈತಿ.”

ನಂಬುತ್ತೇನೆ. ಅದೇ ನನ್ನ ಭಯ. ನಾನು ಕವಿತೆ ಓದುತ್ತ ಬೆಳೆದವಳು. ಇಷ್ಟವಾದದ್ದನ್ನು ಕಣ್ಣು ಮುಚ್ಚಿಕೊಂಡು ಹೇಳಿಕೊಳ್ಳುವ ಸುಖ ನನಗೆ ಗೊತ್ತು. ಒಂದು ಸಾಲು ಮರೆತರೆ ಯಾರೂ ಸಾಯುವುದಿಲ್ಲ. ರಸ್ತೆ ಬಾಯಿಪಾಠವಾಗಬಹುದು, ರಸ್ತೆಗೆ ಬರುವವರು ಆಗುವುದಿಲ್ಲ. ಕುರಿ ಹೊಡೆದುಕೊಂಡು ದಾಟುವವರು, ಕೆಟ್ಟು ನಿಂತ ಟ್ರ್ಯಾಕ್ಟರು, ಸಾಲೆಗೆ ಓಡುವ ಹುಡುಗಿ ಪ್ರತಿದಿನವೂ ಹೊಸಬರು. ಅವರು ಯಾವ ಪಟದಲ್ಲೂ ಅಚ್ಚಾಗಿಲ್ಲ.

ನಿಮ್ಮ ಕಚೇರಿಗೆ ಬಂದೆ ಎಂದೆನಲ್ಲ. ಕಿಟಕಿಯ ಹಿಂದಿನ ಗುಮಾಸ್ತರು ಸೌಜನ್ಯದವರೇ. “ಮೇಡಮ್ಮಾರ, ಲೈಸೆನ್ಸ್ ಬೇಕು ಅನ್ನಾಕ ಫಾರ್ಮ್ ಐತಿ, ಕಳದೈತಿ ಅನ್ನಾಕ ಐತಿ, ವಿಳಾಸ ಬದಲಿ ಮಾಡಾಕ ಐತಿ. ಕಣ್ಣು ಕಾಣೂದಿಲ್ಲ ಅನ್ನಾಕ ನನ್ನ ಕಡೆ ಯಾವ ಫಾರ್ಮೂ ಇಲ್ರಿ,” ಎಂದರು. “ನಿಮಗ ಇವ್ರು ಏನಾಗಬೇಕು?” ಎಂದೂ ಕೇಳಿದರು. ನೆರೆಯವಳು ಎಂದೆ. “ಹಂಗಾರ ನಿಮಗ್ಯಾಕ್ರಿ ಉಸಾಬರಿ? ಅವರ ಹೊಟ್ಟಿ ಮ್ಯಾಲೆ ಹೊಡೀತೀರೇನು?” ಎಂದರು. ಎರಡನೆಯ ಸಲ ಹೋದಾಗ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದಷ್ಟೇ ಹೇಳಿದರು.

ಹೊಟ್ಟೆಯ ಮಾತು ಸುಳ್ಳಲ್ಲ, ಅದಕ್ಕೇ ಚುಚ್ಚಿತು. ಹಜರಾಬಿಯ ಹಟಕ್ಕೆ ಕೊನೆಗೆ ಮಣಿದು, ಲಾರಿಯ ಮಾಲೀಕರಿಗೆ ಮುರ್ತುಜಾಸಾಬರು ಹೇಳಿಯೂ ನೋಡಿದರು, ಮೂರು ತಿಂಗಳು ಬಿಡುವು ಕೊಡಿ, ಕಣ್ಣು ತೋರಿಸಿಕೊಳ್ಳುತ್ತೇನೆ ಎಂದು. ಮಾಲೀಕರು ನಿಮ್ಮ ಮೊಹರನ್ನೇ ತೋರಿಸಿದರಂತೆ. “ಸರ್ಕಾರನ ನಿನ್ನ ಕಣ್ಣು ಚಲೋ ಅದಾವ ಅಂತ ಬರದು ಕೊಟ್ಟೈತಿ. ಹಂಗಾಮಿನ್ಯಾಗ ನಾಟಕ ಮಾಡಬ್ಯಾಡ. ಮಂಗಳವಾರ ಬರದಿದ್ರ ಬ್ಯಾರೆಯವ್ನ ಕುಂಡ್ರಸ್ತೀನಿ.” ನೋಡಿ, ನೀವು ಪರೀಕ್ಷಿಸದೆ ಕೊಟ್ಟ ಕಾಗದವೇ ಈಗ ಅವರು ಚಿಕಿತ್ಸೆಗೆ ಹೋಗದಂತೆ ತಡೆಯುತ್ತಿದೆ. ಅದು ಪೊರೆಯೋ, ಸಕ್ಕರೆಯ ಬೇನೆಯೋ ನನಗೆ ತಿಳಿಯದು. ತಿಳಿಯಬೇಕಾದವರು ನೋಡುವ ಮೊದಲೇ ಸಹಿ ಮಾಡಿದರು.

ಆದ್ದರಿಂದ ನನ್ನ ಬೇಡಿಕೆ ರದ್ದತಿಯದಲ್ಲ. ಶಿಕ್ಷೆ ಎಂದಾದರೆ ಇನ್ನಷ್ಟು ಚಾಲಕರು ಇನ್ನಷ್ಟು ಚೆನ್ನಾಗಿ ಬಾಯಿಪಾಠ ಮಾಡುತ್ತಾರೆ, ನನ್ನಂಥ ಮೇಷ್ಟ್ರುಗಳು ಸಿಕ್ಕೇ ಸಿಗುತ್ತಾರೆ. ಮುರ್ತುಜಾಸಾಬರನ್ನು ನಿಮ್ಮ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿ, ಅಲ್ಲಿ ನಿಂತ ಯಾವುದಾದರೂ ವಾಹನದ ನಂಬರು ಓದಿಸಿ. ಆಮೇಲೆ ನೇತ್ರತಜ್ಞರ ಬಳಿ ಕಳಿಸಿ. ಚಿಕಿತ್ಸೆ ಮುಗಿಯುವವರೆಗೆ ಇವರು ಭಾರಿ ವಾಹನ ನಡೆಸಬಾರದು, ಗುಣವಾದ ಮೇಲೆ ಮರುಪರೀಕ್ಷೆ ಮಾಡಿ ಪರವಾನಗಿ ಹಿಂದಿರುಗಿಸಲಾಗುವುದು ಎಂದು ಬರೆದುಕೊಡಿ. ಮಾಲೀಕರ ಮುಂದೆ ಹಿಡಿಯಲು ಅವರಿಗೆ ಆ ಒಂದು ಹಾಳೆ ಬೇಕು. ಪ್ರತಿ ಚಾಲಕರಿಗೂ ಹೀಗೇ ಮಾಡಿ ಎಂದೂ ಕೇಳುತ್ತೇನೆ. ಆದರೆ ಅದು ಮುಂದಿನ ವಾರದ ಕೆಲಸವಾದರೂ ಸರಿ.

ಇದನ್ನು ಅವರಿಗೆ ತಿಳಿಯದಂತೆ ಬರೆದಿಲ್ಲ. ನಿನ್ನೆ ಸಂಜೆ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಪೂರ್ತಿ ಓದಿ ಹೇಳಿದೆ. ಹೆಸರು ತೆಗೆಯಲೇ ಎಂದು ಕೇಳಿದೆ.

“ಹೆಸರು ಇರಲಿ,” ಎಂದರು. “ಕುರುಡ ಅಂತ ಮಾತ್ರ ಬರೀಬ್ಯಾಡ್ರಿ.”

ಬರೆದಿಲ್ಲ. ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರು, ಹಜರಾಬಿ ಮತ್ತು ನಾನು ನಿಮ್ಮ ಕಚೇರಿಗೆ ಬರುತ್ತೇವೆ. ನೀವು ಅಂದೂ ಸಿಗದಿದ್ದರೆ ಮಧ್ಯಾಹ್ನದ ಬಸ್ಸಿಗೆ ಮೂವರೂ ಹಿಂದಿರುಗುತ್ತೇವೆ, ಮಂಗಳವಾರ ಅವರು ದೇವಣಗಾಂವಕ್ಕೆ ಹೋಗುತ್ತಾರೆ. ಹೋಗಬೇಡಿ ಎನ್ನಲು ನನ್ನ ಬಳಿ ಇರುವುದು ಮಾತು ಮಾತ್ರ. ಕಾಗದ ನಿಮ್ಮ ಬಳಿ ಇದೆ.

ಇಂತಿ,
ಮಂಗಳವಾರವೂ ಅದೇ ರಸ್ತೆಯ ಎಡಬದಿಯಲ್ಲಿ ನಡೆದೇ ಕಾಲೇಜಿಗೆ ಹೋಗಬೇಕಾದ,
ರೇಣುಕಾ ಕುಂಟೋಜಿ
ಸಿಂದಗಿ