ದಿನವೂ ಮಾರ್ಚ್ ಹನ್ನೆರಡು

ಕಮಾಗುಯೆ
20 ಅಕ್ಟೋಬರ್ 2022

ಎವೇಲಿಯೊ,

ಹೆಸರಿನ ಮುಂಚೆ ‘ಪ್ರಿಯ’ ಎಂದು ಬರೆದಿದ್ದೆ. ಆಮೇಲೆ ಮನಸ್ಸು ಬದಲಾಗಿ ಹಾಳೆಯನ್ನೇ ಬದಲಿಸಿದೆ. ಫೋನ್ ಮಾಡಬಹುದಿತ್ತು ನಿಜ, ಆದರೆ ಫೋನಿನಲ್ಲಿ ನಾನು ಕೂಗಾಡುತ್ತೇನೆ, ನೀನು ಇಟ್ಟುಬಿಡುತ್ತೀಯ. ಕಾಗದವಾದರೆ ನಿಧಾನವಾಗಿ ಓದಿ ಸಿಟ್ಟು ಮಾಡಿಕೊಳ್ಳಬಹುದು. ಮಗಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನೀಗ ಇರುವ ನಿಮ್ಮ ಅಮ್ಮನ ಮನೆಗೆ ಬರಲು ಲಿಸಾಂದ್ರಳಿಗೂ ಒಂದು ನೆಪ ಬೇಕಿತ್ತು.

ಸುತ್ತಿ ಬಳಸಿ ಮಾತಾಡುವುದಿಲ್ಲ. ನಾನಿಲ್ಲದ ಹೊತ್ತಿನಲ್ಲಿ ನೀನು ನನ್ನ ಮನೆಯೊಳಗೆ ಬರುತ್ತಿದ್ದೆ, ಹೌದೋ ಅಲ್ಲವೋ?

ನನಗೆ ಅನುಮಾನ ಬಂದದ್ದು ಬೇಸಿಗೆಯಲ್ಲಿ. ಬೆಳಿಗ್ಗೆ ಪಡಿತರದ ಬ್ರೆಡ್ಡಿಗೆ ಸಾಲು ನಿಂತು ಬಂದರೆ ಕಂಪ್ಯೂಟರಿನ ಮುಂದಿನ ಕುರ್ಚಿಯ ದಿಂಬು ನೆಲದ ಮೇಲೆ ಇರುತ್ತಿತ್ತು. ಆ ದಿಂಬಿಲ್ಲದೆ ನನಗೆ ಕೀಲಿಮಣೆ ಎಟುಕುವುದಿಲ್ಲ, ಅದನ್ನು ನಾನೇಕೆ ತೆಗೆಯಲಿ? ಒಮ್ಮೆ ಕಾಫಿ ಪಾತ್ರೆ ಬೆಚ್ಚಗಿತ್ತು. ಲಿಸಾಂದ್ರಳನ್ನು ಕೇಳಿದರೆ, “ಅಮ್ಮ, ನಿಂಗೆ ದಿನಕ್ಕೊಬ್ಬ ಕಳ್ಳ ಬೇಕು” ಎಂದು ಕಣ್ಣು ತಿರುಗಿಸಿದಳು. ಆಗ ನನ್ನ ಗುಮಾನಿ ಪಕ್ಕದ ಮನೆಯ ನಿಯೇವೆಸ್ ಮೇಲೆ ಹೋಯಿತು. ಅವಳೂ ದರ್ಜಿ, ನನ್ನ ಹೊಸ ಮಾದರಿಗಳ ಮೇಲೆ ಅವಳಿಗೆ ಕಣ್ಣಿರುವುದು ಇಡೀ ಬೀದಿಗೇ ಗೊತ್ತು. ಹಗಲೆಲ್ಲ ತೂಗುಕುರ್ಚಿ ಹಾಕಿಕೊಂಡು ಬಾಗಿಲಲ್ಲೇ ಕೂತಿರುತ್ತಾಳಲ್ಲ, ಯಾರಾದರೂ ಬಂದಿದ್ದರೇ ಎಂದು ಕೇಳಿದೆ. “ಕಣ್ಣಿಗೆ ಪೊರೆ ಬಂದಿದೆ ಕಣೇ, ಯಾರ್ ಬಂದ್ರೋ ಯಾರ್ ಹೋದ್ರೋ” ಎಂದಳು. ಮೂಲೆಯ ಪಡಿತರದ ಅಂಗಡಿಗೆ ಮೊಟ್ಟೆ ಬಂದರೆ ಇದೇ ಕಣ್ಣಿಗೆ ಮೊದಲು ಕಾಣುತ್ತದೆ.

ಅಷ್ಟರಲ್ಲಿ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಒಬ್ಬಳು ಬೇಡ ಬೇಡವೆಂದರೂ ಸುದ್ದಿ ಕೊಟ್ಟಳು. “ನಿನ್ ಗಂಡ ಬೆಳಗಾದ್ರೆ ಸೈಕಲ್ ತುಳ್ಕೊಂಡು ಮಿಗ್ದಾಲಿಯಳ ಫೋಟೊ ಸ್ಟುಡಿಯೊ ಕಡೆ ಹೋಗ್ತಾನಮ್ಮ” ಎಂದಳು. ನನಗೆ ಇನ್ನೇನು ಬೇಕು? ಅದೇ ಹೆಂಗಸಿನ ವಿಷಯಕ್ಕಲ್ಲವೇ ಫೆಬ್ರವರಿಯಲ್ಲಿ ನಾನು ನಿನ್ನ ಪೆಟ್ಟಿಗೆಯನ್ನು ಬೀದಿಗಿಟ್ಟದ್ದು? ನೀನು ಆಣೆ ಮಾಡಿದೆ, ನಾನು ನಂಬಲಿಲ್ಲ. ಈಗ ರುಜುವಾತು ಸಿಕ್ಕಿತು ಎಂದುಕೊಂಡೆ. ಹೋದ ವಾರದ ಸೋಮವಾರ ಸಿಟ್ಟಿನಲ್ಲೇ ಬಾಗಿಲಿನ ಬೀಗ ಬದಲಾಯಿಸಿದೆ. ಕಳ್ಳರ ಭಯಕ್ಕೆ ಎಂದು ಹೇಳಿಕೊಂಡೆ.

ಮಂಗಳವಾರದಿಂದ ಕಂಪ್ಯೂಟರ್ ಕೈಕೊಟ್ಟಿತು.

ಉಡುಪಿನ ಮಾದರಿ ಬಿಡಿಸುವ ಪ್ರೋಗ್ರಾಂ ತೆರೆಯಲೇ ಇಲ್ಲ. ತೆರೆದರೆ ಒಂದು ಕೆಂಪು ಗುರುತು, ‘ದಿನಾಂಕದಲ್ಲಿ ದೋಷ’ ಎಂಬ ಒಂದು ಸಾಲು, ಅಷ್ಟೇ. ಮೊದಲೂ ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಹೀಗೆ ಮುನಿಸಿಕೊಳ್ಳುತ್ತಿತ್ತು. ನನ್ನ ಹಾಗೆ ಅದಕ್ಕೂ ದಣಿವು ಎಂದು ಮುಸುಕು ಹಾಕಿಬಿಡುತ್ತಿದ್ದೆ, ಮಾರನೆಯ ದಿನ ಕೆಲಸದ ಹೊತ್ತಿಗೆ ನೆಟ್ಟಗಾಗಿರುತ್ತಿತ್ತು. ಈ ಸಲ ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಲಿಸಾಂದ್ರಳ ಹದಿನೈದನೇ ಹುಟ್ಟುಹಬ್ಬದ ಉಡುಪಿನ ಅಳತೆ, ಮಡಿಕೆ ಎಲ್ಲವೂ ಆ ಯಂತ್ರದ ಹೊಟ್ಟೆಯೊಳಗೆ. ಬಟ್ಟೆಯೋ, ನನ್ನ ಅಕ್ಕ ಅಮೆರಿಕದ ಟಾಂಪಾದಿಂದ ಕಳಿಸಿದ ಒಂದೇ ತುಂಡು. ಕತ್ತರಿ ಒಂದು ಕಡೆ ತಪ್ಪಿದರೆ ಇಡೀ ಕಮಾಗುಯೆ ಹುಡುಕಿದರೂ ಅಂಥದ್ದು ಸಿಗದು. ಹಬ್ಬಕ್ಕೆ ಎರಡು ವಾರವೂ ಇರಲಿಲ್ಲ. ನಾನು ಎಷ್ಟು ಹೆದರಿದೆ ಎಂದರೆ ನಿನಗೆ ಕರೆ ಮಾಡಲು ಎರಡು ಸಲ ಫೋನ್ ಕೈಗೆತ್ತಿಕೊಂಡೆ.

ಮಾಡಲಿಲ್ಲ. ನಿನ್ನ ಗೆಳೆಯ ವಿಲ್ಫ್ರೇದೊನನ್ನು ಕರೆಸಿದೆ.

ಅವನು ಮೆಮೊರಿ ಹೆಚ್ಚಿಸಿ ನೋಡಿದ, ಹಳೆಯ ವಿಂಡೋಸ್‌ನಂತೆ ನಡೆಯಲು ಹೇಳಿ ನೋಡಿದ, ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ಪೆಟ್ಟಿಗೆ ಬಿಚ್ಚಿ ಒಳಗಿನ ಪುಟ್ಟ ಬಿಲ್ಲೆಯಂಥ ಬ್ಯಾಟರಿಯನ್ನು ಬೆರಳಿಂದ ಒತ್ತಿ ನಕ್ಕ. “ಅಕ್ಕಾ, ಇದು ಸತ್ತು ವರ್ಷಗಳಾಗಿವೆ. ಕರೆಂಟ್ ಹೋದಾಗೆಲ್ಲ ಇದಕ್ಕೆ ಇವತ್ತು ಯಾವ ದಿನ ಅನ್ನೋದೇ ಮರ್ತೋಗುತ್ತೆ, 2002ಕ್ಕೆ ಹೋಗಿ ಕೂತ್ಕೊಳ್ಳುತ್ತೆ. ಈ ಪ್ರೋಗ್ರಾಂ ಒಂದು ತಿಂಗಳು ಪರೀಕ್ಷೆ ಮಾಡಿ ನೋಡಿ ಅಂತ ಬಿಟ್ಟಿದ್ದು. ಇವತ್ತಿನ ತಾರೀಖು ಕೊಟ್ರೆ ಅವಧಿ ಮುಗೀತು ಅನ್ನುತ್ತೆ, ತೀರಾ ಹಳೇದು ಕೊಟ್ರೆ ಗಡಿಯಾರ ತಿರುಗಿಸಿದ್ದೀರಿ ಅನ್ನುತ್ತೆ. ಆ ಒಂದು ತಿಂಗಳೊಳಗಿನ ತಾರೀಖೇ ಆಗ್ಬೇಕು. ದಿನಾ ಬೆಳಿಗ್ಗೆ ಯಾರು ಹಾಕ್ತಿದ್ರು?”

ಯಾರೂ ಇಲ್ಲ ಎಂದೆ.

“ಯಾರೂ ಇಲ್ದೆ ಇದು ನಡೆಯೋದೇ ಇಲ್ಲ ಅಕ್ಕಾ” ಎಂದ. ಆಮೇಲೆ ನನ್ನ ಮುಖ ನೋಡಿ ಸ್ಕ್ರೂಗಳನ್ನು ಹೆಕ್ಕತೊಡಗಿದ.

ಮಿಗ್ದಾಲಿಯಳ ಸ್ಟುಡಿಯೊ ಇರುವುದು ನಮ್ಮ ಬೀದಿ ದಾಟಿದ ಮೇಲೆ. ದಾಟಿ ಹೋಗುತ್ತೀಯೋ, ದಾಟುವ ಮುಂಚೆಯೇ ಸೈಕಲ್ ನಿಲ್ಲಿಸುತ್ತೀಯೋ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನನಗೆ ಮೊದಲು ಕೋಪ ಬಂತು, ಆಮೇಲೆ ಅಳು ಬಂತು. ವಿಲ್ಫ್ರೇದೊನ ಎದುರಿಗೇ. ನನಗೆ ಗೊತ್ತಾಗದ ಹಾಗೆ ಉಪಕಾರ ಮಾಡುವವರನ್ನು ನಾನು ನಂಬುವುದಿಲ್ಲ ಎವೇಲಿಯೊ, ಈಗಲೂ ನಂಬುವುದಿಲ್ಲ. ನನ್ನ ಕಪಾಟಿಗೂ ಕೈ ಹಾಕಿದೆಯೋ? ಒಗೆದಿಟ್ಟ ಬಟಾಣಿ ಬಣ್ಣದ ಅಂಗಿ ಮಡಚಿಟ್ಟವರು ಯಾರು? ನಿಯೇವೆಸ್‌ಗೆ ಏನು ಕೊಟ್ಟು ಬಾಯಿ ಮುಚ್ಚಿಸಿದೆ? ಇದಕ್ಕೆಲ್ಲ ಉತ್ತರ ಬೇಕು.

ತಾರೀಖು ಮಾತ್ರ ನಾನೇ ಹೇಳಿದೆ. ಅಷ್ಟು ವರ್ಷಗಳಿಂದ ಅಚ್ಚಾದ ಪ್ರತಿ ಮಾದರಿಯ ಮೂಲೆಯಲ್ಲೂ ಅದೇ ಇರುತ್ತಿತ್ತಲ್ಲ, ಮಾರ್ಚ್ 12, 2011. ಯಂತ್ರಕ್ಕೆ ಅರಳುಮರಳು ಎಂದುಕೊಂಡಿದ್ದೆ. ವಿಲ್ಫ್ರೇದೊ ಹಾಕಿದ, ಪ್ರೋಗ್ರಾಂ ತೆರೆದುಕೊಂಡಿತು. ಆ ದಿನ ನಿನಗೆ ನೆನಪಿದೆಯೆಂದು ಈಗ ಗೊತ್ತಾಯಿತು. ಸತ್ತ ಮೂರು ಕಂಪ್ಯೂಟರುಗಳಿಂದ ನೀನು ಈ ಒಂದನ್ನು ಜೋಡಿಸಿ ಊಟದ ಮೇಜಿನ ಮೇಲಿಟ್ಟೆ. ಪುಟ್ಟ ಲಿಸಾಂದ್ರಳಿಗೆ ಮೊದಲ ಅಂಗಿ ಕತ್ತರಿಸಿದೆವು, ನೋಡಿದರೆ ಎರಡು ತೋಳೂ ಎಡಗೈಯವು. ನಕ್ಕೂ ನಕ್ಕೂ ನನಗೆ ಬಿಕ್ಕಳಿಕೆ ಹತ್ತಿತ್ತು.

ಬಟ್ಟೆ ಕತ್ತರಿಸಿಯಾಯಿತು. ಸೊಂಟದ ಹತ್ತಿರ ನೂಲಿನಷ್ಟೂ ತಪ್ಪಿಲ್ಲ. ವಿಲ್ಫ್ರೇದೊ ಅವನ ಚಿಕ್ಕಮ್ಮನ ಕೆಟ್ಟುಹೋದ ತೂಕದ ಯಂತ್ರದಿಂದ ಬ್ಯಾಟರಿ ಕಿತ್ತು ತಂದು ಹಾಕಿಕೊಟ್ಟಿದ್ದಾನೆ. ಇನ್ನು ಕರೆಂಟು ಹೋದರೂ ಯಂತ್ರ ತಾರೀಖು ಮರೆಯುವುದಿಲ್ಲವಂತೆ, ತಿಂಗಳು ತುಂಬುವ ಮುಂಚೆ ತಾರೀಖು ಹಿಂದಿಡುವುದನ್ನು ನನಗೂ ಕಲಿಸಿದ್ದಾನೆ. ಹಾಗಾಗಿ ನೀನು ಬಂದು ಮಾಡಬೇಕಾದ ಕೆಲಸ ಈ ಮನೆಯಲ್ಲಿ ಯಾವುದೂ ಉಳಿದಿಲ್ಲ. ಹಬ್ಬದ ದಿನ ಮಗಳ ಜೊತೆ ಮೊದಲ ಕುಣಿತ ಅಪ್ಪನದು, ಅದಕ್ಕೆ ಬಂದರೆ ಸಾಕು. ಷೂಗೆ ಪಾಲಿಶ್ ಹಾಕಿಕೊಂಡು ಬಾ.

ಇದಾನಿಯಾ

ವಿ.ಸೂ.: ಹೊಸ ಬ್ಯಾಟರಿಯನ್ನು ಇವತ್ತು ಬೆಳಿಗ್ಗೆ ಹೇರ್‌ಪಿನ್ನಿನಿಂದ ಎಬ್ಬಿಸಿ ತೆಗೆದು ಗುಂಡಿಗಳ ಡಬ್ಬಿಗೆ ಹಾಕಿದ್ದೇನೆ. ವಿಲ್ಫ್ರೇದೊಗೆ ಹೇಳಬೇಡ, ಪಾಪ ಬೇಜಾರು ಮಾಡಿಕೊಳ್ಳುತ್ತಾನೆ. ಲಕೋಟೆಯ ತಳದಲ್ಲಿ ಗಟ್ಟಿಯಾಗಿ ಕೈಗೆ ತಾಗುವುದು ಹೊಸ ಬೀಗದ ಕೀಲಿ. ನಾಳೆ ಬ್ರೆಡ್ಡಿನ ಸಾಲಿಗೆ ಲಿಸಾಂದ್ರ ಹೋಗುತ್ತಾಳೆ. ನಾನು ಮನೆಯಲ್ಲೇ ಇರುತ್ತೇನೆ.