ವಿಚ್ಛೇದನದ ನಂತರವೂ ಉಳಿದ ಅತ್ತೆ

ಕಾನೂನು ತಿದ್ದುಪಡಿಯ ಹೊಣೆ ಹೊತ್ತ ಮಾನ್ಯರೇ,

ಸಮಾಜ ಬದಲಾದಂತೆ ಕಾನೂನೂ ಜೊತೆಗೇ ಹೆಜ್ಜೆ ಹಾಕುತ್ತಿದೆ ಎಂದು ಮೊನ್ನೆ ಶಿವಮೊಗ್ಗದ ಸಭೆಯಲ್ಲಿ ತಾವು ಅಪ್ಪಣೆ ಕೊಡಿಸಿದಿರಿ. ಚಪ್ಪಾಳೆ ಜೋರಾಗಿಯೇ ಬಿತ್ತು. ನಾನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಒಂಬತ್ತು ವರ್ಷ ನನ್ನ ಜೊತೆ ಬಾಳಿದ ಅತ್ತೆಗೆ ನಾನು ಯಾರೂ ಅಲ್ಲ ಎಂದು ತಮ್ಮ ಕಾನೂನು ಹೇಳಿತು. ಅವರು ಸಾಯುವಾಗ ಹತ್ತಿರ ಇರಲು ನನಗೆ ಆಗಲಿಲ್ಲ. ನನ್ನ ದೂರು ಇದು.

ಭದ್ರಾವತಿಯ ಮಲ್ಲಿಕ್ ನನ್ನ ಗಂಡನಾಗಿದ್ದರು. ನಮಗೆ ಕೂಡಿಬರಲಿಲ್ಲ. ಇಬ್ಬರೂ ಒಪ್ಪಿ ಬೇರೆಯಾದೆವು. ಅದಕ್ಕೆ ದಾರಿ ಮಾಡಿಕೊಟ್ಟ ಕಾನೂನಿಗೆ ನಾನು ಈಗಲೂ ಕೃತಜ್ಞಳು. ಶಿವಮೊಗ್ಗದ ಗೋಪಾಳದಲ್ಲಿ ಸಣ್ಣ ಮನೆ ಹಿಡಿದು, ಮುಂದಿನ ಕೋಣೆಯಲ್ಲೇ ಬ್ಯೂಟಿ ಪಾರ್ಲರ್ ತೆರೆದೆ. ಒಂದು ವಾರ ಕಳೆದಿರಲಿಲ್ಲ, ಮಲ್ಲಿಕ್ ಅವರ ತಾಯಿ ಉಮಾಮಹೇಶ್ವರಿ ಒಂದು ಬ್ಯಾಗು ಹಿಡಿದು ಬಸ್ಸಿಳಿದು ಬಂದರು. “ಗಂಡನ್ನ ಬಿಟ್ಟೆ, ಸರಿ. ನನ್ನನ್ನೂ ಬಿಟ್ಬಿಡ್ತೀಯೇನೇ ಮಾರಾಯ್ತಿ?” ಎಂದರು. ಒಳಗೆ ಕರೆದು ಕಾಫಿ ಮಾಡಿಕೊಟ್ಟೆ. ಆಮೇಲೆ ಒಂಬತ್ತು ವರ್ಷ ಅವರು ವಾಪಸು ಹೋಗಲಿಲ್ಲ. ಪಾರ್ಲರಿನ ಬೆಂಚಿನ ಮೇಲೆ ಕೂತು, ಬಂದ ಹೆಂಗಸರ ಮನೆಕಥೆಯನ್ನೆಲ್ಲ ವಿಚಾರಿಸಿ, ಹುಬ್ಬು ತೀಡಿಸಿಕೊಳ್ಳಲು ಬಂದ ಹುಡುಗಿಯರಿಗೆ ಬೇಡವೆಂದು ಬುದ್ಧಿ ಹೇಳಿ ನನ್ನ ವ್ಯಾಪಾರ ಕೆಡಿಸುತ್ತಿದ್ದರು. ನಾವು ಜಗಳವಾಡುತ್ತಿದ್ದೆವು, ಒಟ್ಟಿಗೆ ಉಣ್ಣುತ್ತಿದ್ದೆವು.

ಹೋದ ವರ್ಷ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಲ್ಲಿ “ನೀವು ಇವ್ರಿಗೆ ಏನಾಗ್ಬೇಕು?” ಎಂದು ಕೇಳಿದರು. ಸೊಸೆ ಎಂದೆ. ಸಂಜೆ ಮಲ್ಲಿಕ್ ಬಂದು ಡಿವೋರ್ಸ್ ವಿಷಯ ತಿಳಿಸಿದ ಮೇಲೆ ಸಹಿಯೆಲ್ಲ ಅವರದೇ. ಗುಣವಾಗುತ್ತಿದ್ದಂತೆ ತಾಯಿಯನ್ನು ಭದ್ರಾವತಿಗೆ ಕರೆದೊಯ್ದರು. ನಾನು ಬೇಡಿಕೊಂಡಾಗ, “ಮಗ ಇದ್ದೂ ಬೇರೆಯವ್ರ ಮನೇಲಿ ಬಿಟ್ಟಿದಾನೆ ಅಂತ ಜನ ನನಗೆ ಉಗೀತಿದಾರೆ ಅಮೂಲ್ಯ, ಬಿಡು” ಎಂದರು. ಅವರು ಕೆಟ್ಟವರಲ್ಲ, ಮಾನ್ಯರೇ. ಕಾನೂನಿನಂತೆ ಸರಿಯಾದವರೂ ಹೌದು.

ಒಮ್ಮೆ ನೋಡಲು ಹೋಗಿದ್ದೆ. ಹೊರಡುವಾಗ ಅತ್ತೆ ಎಡಗೈಯಲ್ಲಿ ನನ್ನ ಸೆರಗು ಹಿಡಿದರು. ಬಿಡಲೇ ಇಲ್ಲ. ಮಲ್ಲಿಕ್ ಬಂದು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು, ಅವರೂ ಅಳುತ್ತಿದ್ದರು. “ಇನ್ಮೇಲೆ ಬರ್ಬೇಡ, ಅಮ್ಮಂಗೆ ಸಂಕಟ ಆಗುತ್ತೆ” ಎಂದರು.

ಹಿರಿಯ ನಾಗರಿಕರ ದೂರು ಕೇಳುವ ಅಧಿಕಾರಿಯೊಬ್ಬರ ಬಳಿ ಹೋದೆ.

“ಮಗ ಊಟ ಹಾಕ್ತಿಲ್ವಾ? ಹೊಡೀತಾನಾ?”

“ಇಲ್ಲ ಸಾರ್. ಅವ್ರಿಗೆ ನನ್ನ ಜೊತೆ ಇರ್ಬೇಕು ಅಂತಿದೆ.”

“ಅವರೇ ಹೇಳಿದ್ರಾ?”

“ಮಾತು ಬರಲ್ಲ ಸಾರ್.”

“ಮತ್ತೆ ನಿಮಗೆ ಹೆಂಗೆ ಗೊತ್ತಮ್ಮ?”

ನನಗೆ ಹೇಗೆ ಗೊತ್ತು! ಹೆತ್ತ ಕಾರಣಕ್ಕೆ ತಾಯಿಯ ಮನಸ್ಸು ಮಗನಿಗೆ ತಿಳಿದಿರುತ್ತದೆ ಎಂದು ನಂಬುವ ಕಾನೂನು, ದಿನಾ ಆಕೆಯ ತಲೆ ಬಾಚಿದವಳ ಬಳಿ ಮಾತ್ರ ಸಾಕ್ಷಿ ಕೇಳುತ್ತದೆಯೇ? ಮದುವೆ ಮುರಿಯುವಷ್ಟು ಆಧುನಿಕವಾದ ಕಾನೂನಿಗೆ, ಮುರಿದ ಮದುವೆಯಿಂದಲೂ ಒಂದು ಸಂಬಂಧ ಬದುಕಿ ಉಳಿಯಬಹುದು ಎಂಬುದು ಯಾಕೆ ಹೊಳೆಯಲಿಲ್ಲ? ನಾನು ಬಿಟ್ಟಿದ್ದು ಗಂಡನನ್ನು. ಅತ್ತೆಯನ್ನೂ ಬಿಟ್ಟೆನೆಂದು ತೀರ್ಮಾನಿಸಿದವರು ಯಾರು? ಹೈಕೋರ್ಟಿಗೆ ಹೋಗೋಣ ಎಂದರು ವಕೀಲರು. ಅರ್ಜಿ ಸಿದ್ಧವಾಗುವ ಮೊದಲೇ ಅತ್ತೆ ತೀರಿಕೊಂಡರು.

ಸುದ್ದಿ ಕೇಳಿ ಓಡಿದೆ. ಗುಂಡಿಗಿಳಿಸಿ ಮಣ್ಣು ಮುಚ್ಚುವ ಹೊತ್ತಿಗೆ ತಲುಪಿದೆ. ಮನೆಯವರು ಮೊದಲು ಮಣ್ಣು ಹಾಕಿ ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಕೂಗಿದಾಗ ನನ್ನ ಕಾಲು ತಾನಾಗಿ ಮುಂದೆ ಹೋಯಿತು, ಆಮೇಲೆ ಹೆದರಿ ಹಿಂದೆ ಸರಿದೆ. ಕೊನೆಗೆ ಬೀದಿಯ ಜನರ ಜೊತೆ ನಿಂತು ಒಂದು ಹಿಡಿ ಹಾಕಿ ಬಂದೆ.

ಬುದ್ಧಿ ಸ್ವಾಧೀನದಲ್ಲಿರುವಾಗಲೇ ಮನುಷ್ಯರು “ನಾಳೆ ನನಗೆ ಮಾತು ನಿಂತರೆ ನನ್ನ ಪರವಾಗಿ ಇವರು ಮಾತಾಡಲಿ” ಎಂದು ತಮಗೆ ಬೇಕಾದವರನ್ನು ಹೆಸರಿಸಲಿ. ರಕ್ತಸಂಬಂಧದ ಎದುರಿಗೂ ಆ ಮಾತಿಗೆ ಬೆಲೆ ಸಿಗಲಿ. ಅಂಥದೊಂದು ಕಾಯ್ದೆ ಬರೆಯಿರಿ. ಬರೆಯುತ್ತೀರಿ ಎಂಬ ನಂಬಿಕೆ ನನಗಿಲ್ಲ. ಬರೆದರೂ ಅದು ಊರು ಮುಟ್ಟುವ ಹೊತ್ತಿಗೆ ನಾನೂ ಮಾತು ಕಳೆದುಕೊಂಡಿರಬಹುದು. ಆಗ ನನ್ನ ಕೈಗೆ ಹಿಡಿಯಲು ಯಾರ ಸೆರಗೂ ಇರುವುದಿಲ್ಲ.

ಇಂತಿ,
ಉತ್ತರಕ್ಕೆ ಕಾಯದ,
ಅಮೂಲ್ಯ
ಗೋಪಾಳ, ಶಿವಮೊಗ್ಗ