ಅಟ್ಟಕ್ಕೆ ಮರಳಿದ ಕಾಯಿ

ಅವ್ವಾ,

ಇವತ್ತು ಆರನೇ ತರಗತಿಗೆ ಇಂಗ್ಲಿಷ್ ಕ್ರಿಯಾಪದ ಹೇಳಿಕೊಡಲು ನಿನ್ನ ತೆಂಗಿನಕಾಯಿ ತೆಗೆದುಕೊಂಡು ಹೋಗಿದ್ದೆ. ಕೊಬ್ಬರಿಯಾಗಲೆಂದು ಕಳೆದ ವರ್ಷ ನೀನು ಅಟ್ಟಕ್ಕೆ ಹಾಕಿದ್ದೆಯಲ್ಲ, ಅದರಲ್ಲೊಂದು. ನೀನು ತೀರಿಕೊಂಡ ಮೇಲೆ ನಾನು ಅಟ್ಟ ಹತ್ತಿದ್ದು ಇದೇ ಮೊದಲು.

ಕ್ರಿಯಾಪದವೆಂದರೆ ಮಾಡುವ ಕೆಲಸವನ್ನು ಹೇಳುವ ಪದ ಎಂದು ವಾರದಿಂದ ಬಡಿದುಕೊಂಡಿದ್ದೆ. ಗಂಡಸಿ ಊರಿನ ಈ ಮಕ್ಕಳು ಗಿಣಿಗಳಂತೆ ಒಪ್ಪಿಸುತ್ತಿದ್ದರೇ ಹೊರತು ಒಬ್ಬರಿಗೂ ಅರ್ಥವಾಗಿರಲಿಲ್ಲ. ಅದಕ್ಕೇ ಕಾಯನ್ನು ಹೇಮಾಶ್ರೀ ಎಂಬ ಹುಡುಗಿಯ ಕೈಗೆ ಕೊಟ್ಟು, "ನೀನು ಮಾಡು, ಉಳಿದವರು ಇಂಗ್ಲಿಷಿನಲ್ಲಿ ಹೇಳಲಿ" ಎಂದೆ. ಅವಳು ಎತ್ತಿದಳು, "ಲಿಫ್ಟ್" ಎಂದು ಕೂಗಿದರು. ಅಲ್ಲಾಡಿಸಿದಳು, "ಶೇಕ್" ಎಂದರು. ಆಮೇಲೆ ಥೇಟ್ ನಿನ್ನ ಹಾಗೆಯೇ ಕಣ್ಣು ಮುಚ್ಚಿ ಕಿವಿಗೆ ಹಿಡಿದಳು. "ಲಿಸನ್" ಎಂದರು, ಈ ಸಲ ಮೆಲ್ಲಗೆ.

"ಮಿಸ್, ಒಳಗೆ ಕೊಬ್ಬರಿ ಗಿಟುಕು ಲೊಟಲೊಟ ಅಂತೈತೆ. ಚೆನ್ನಾಗಿ ಒಣಗೈತೆ, ಒಡೀಬೋದು" ಎಂದಳು.

"ಬ್ರೇಕ್! ಬ್ರೇಕ್!" ಎಂದು ಇಡೀ ತರಗತಿ ಎದ್ದು ನಿಂತಿತು. ನಾನು ಕಾಯಿ ಕಿತ್ತುಕೊಂಡು, "ಸಾಕು, ಕೂತ್ಕೊಳ್ಳಿ" ಎಂದು ಗದರಿದೆ. ಪಾಪ, ಮಕ್ಕಳು ಸರಿಯಾಗಿಯೇ ಹೇಳಿದ್ದವು.

ಸಂಜೆ ಅದನ್ನು ಇದ್ದ ಜಾಗದಲ್ಲೇ ಇಟ್ಟು ಏಣಿ ಇಳಿದೆ. ಒಣಗಿದ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕಿದ್ದು ಕಂಡಿದ್ದರೆ ನೀನು, "ತಲೆ ನೆಟ್ಟಗೈತೇನೇ ನಿಂಗೆ? ಗಿಟುಕು ಕೆಟ್ಟೋಗ್ತೈತೆ ಕಣೇ" ಎಂದು ಬೈಯುತ್ತಿದ್ದೆ.

ಬಂದು ಒಂದು ಸಲ ಬೈದು ಹೋಗವ್ವ.